‘ಪುರಾನಾ ಮಂದಿರ್’: ದೋಷಗಳ ಎರಡು ಬಗೆ

ಚಿತ್ರವೊಂದು ತೀರಾ ಕೆಟ್ಟದಾಗಿರುವುದರಿಂದಲೇ ನೋಡಲು ಸೊಗಸಾಗಿದೆ ಎಂಬ ಮಾತು ಹಳೆಯ, ಅಗ್ಗದ ಭಯಾನಕ ಚಿತ್ರಗಳ ವಿಷಯದಲ್ಲಿ ಇಂದು ಹೆಚ್ಚುಕಡಿಮೆ ಸಿದ್ಧ ತೀರ್ಪಾಗಿಬಿಟ್ಟಿದೆ. ಈ ತೀರ್ಪಿನ ಹಿಂದೆ ಒಂದು ವೈಚಾರಿಕ ಪರಂಪರೆಯೂ ಇದೆ. ಅಮೆರಿಕದ ಲೇಖಕಿ ಸೂಸನ್ ಸಾಂಟಾಗ್ 1964ರಲ್ಲಿ ಬರೆದ ಪ್ರಸಿದ್ಧ ಪ್ರಬಂಧವೊಂದರಲ್ಲಿ ‘ಕ್ಯಾಂಪ್’ ಎಂಬ ಅಭಿರುಚಿಯನ್ನು ವಿವರಿಸಿದರು; ಅತಿರೇಕ, ಕೃತಕತೆ, ಆಡಂಬರಗಳನ್ನು ದೋಷವೆಂದು ತಳ್ಳಿಹಾಕದೆ ಅವುಗಳನ್ನೇ ಸವಿಯುವ ಮನೋಧರ್ಮಕ್ಕೆ ಆ ಹೆಸರು. ಅದರ ಶುದ್ಧ ರೂಪ ಉದ್ದೇಶಪೂರ್ವಕವಾದುದಲ್ಲ, ಪೂರ್ಣ ಗಾಂಭೀರ್ಯದಿಂದ ದೊಡ್ಡದೊಂದನ್ನು ಮಾಡಹೊರಟು ಸೋತ ಕೃತಿಯಲ್ಲಿ ಅದು ತಾನಾಗಿ ಹುಟ್ಟುತ್ತದೆ ಎಂಬುದು ಅವರ ವಾದದ ಒಂದು ಮುಖ್ಯ ಎಳೆ. ಮುಂದೆ 1980ರಲ್ಲಿ ಹ್ಯಾರಿ ಮತ್ತು ಮೈಕೇಲ್ ಮೆಡ್ವೆಡ್ ಸಹೋದರರು ‘ದಿ ಗೋಲ್ಡನ್ ಟರ್ಕಿ ಅವಾರ್ಡ್ಸ್’ ಎಂಬ ಪುಸ್ತಕದಲ್ಲಿ ಎಡ್ ವುಡ್ ನಿರ್ದೇಶಿಸಿದ ‘ಪ್ಲಾನ್ 9 ಫ್ರಮ್ ಔಟರ್ ಸ್ಪೇಸ್’ ಚಿತ್ರಕ್ಕೆ ಸಾರ್ವಕಾಲಿಕ ಅತಿ ಕೆಟ್ಟ ಚಿತ್ರವೆಂಬ ಪಟ್ಟ ಕಟ್ಟಿದಾಗ, ಈ ಅಭಿರುಚಿ ಪ್ರಬಂಧದ ಪುಟಗಳಿಂದ ಇಳಿದು ಜನಪ್ರಿಯ ಹವ್ಯಾಸವಾಯಿತು. ಚಿತ್ರೀಕರಣ ಆರಂಭವಾಗುವ ಮೊದಲೇ, 1956ರ ಆಗಸ್ಟ್‌ನಲ್ಲಿ ತೀರಿಕೊಂಡಿದ್ದ ನಟ ಬೆಲಾ ಲುಗೋಸಿಯ ಕೆಲವೇ ಮೂಕ ದೃಶ್ಯಗಳನ್ನು ಎಡ್ ವುಡ್ ಆ ಚಿತ್ರದಲ್ಲಿ ಬಳಸಿಕೊಂಡು, ಉಳಿದ ಭಾಗಕ್ಕೆ ಲುಗೋಸಿಯನ್ನು ಯಾವ ರೀತಿಯಲ್ಲೂ ಹೋಲದ ಇನ್ನೊಬ್ಬ ವ್ಯಕ್ತಿಗೆ ನಿಲುವಂಗಿಯಿಂದ ಮುಖ ಮರೆಸಿಕೊಳ್ಳುವಂತೆ ಹೇಳಿ ನಡೆಸಿದ್ದನ್ನು ಪ್ರೇಕ್ಷಕರು ಇಂದಿಗೂ ನೆನೆದು ನಗುತ್ತಾರೆ.

ಭಾರತದಲ್ಲಿ ಈ ಬಗೆಯ ನಗು ಹೆಚ್ಚಾಗಿ ಮೀಸಲಾಗಿರುವುದು ರಾಮ್ಸೆ ಸಹೋದರರ ಹಿಂದಿ ಚಿತ್ರಗಳಿಗೆ, ಅದರಲ್ಲೂ ತುಳಸಿ ಮತ್ತು ಶ್ಯಾಮ್ ರಾಮ್ಸೆ ನಿರ್ದೇಶಿಸಿ 1984ರಲ್ಲಿ ತೆರೆಗೆ ಬಂದ ‘ಪುರಾನಾ ಮಂದಿರ್’ ಚಿತ್ರಕ್ಕೆ. ಈ ಚಿತ್ರ ದೋಷರಹಿತವೆಂದು ಸಾಧಿಸುವುದು ಇಲ್ಲಿಯ ಉದ್ದೇಶವಲ್ಲ. ಅದರ ದೋಷಗಳು ಕಣ್ಣಿಗೆ ರಾಚುವಷ್ಟಿವೆ. ಆದರೆ ಆ ದೋಷಗಳೆಲ್ಲ ಒಂದೇ ಜಾತಿಯವಲ್ಲ. ಹಣ, ಸಮಯ, ಸಲಕರಣೆಗಳ ಕೊರತೆಯಿಂದ ಬಂದ ದೋಷಗಳು ಒಂದು ಬಗೆ. ಅವನ್ನು ಅಭಾವದ ದೋಷಗಳು ಎನ್ನಬಹುದು. ಸಿದ್ಧವಾಗಿ ಸಿಕ್ಕ ಕಲ್ಪನೆಗಳನ್ನು ಪರೀಕ್ಷಿಸದೆ ಹಾಗೆಯೇ ಎತ್ತಿಕೊಂಡದ್ದರಿಂದ ಬಂದ ದೋಷಗಳು ಇನ್ನೊಂದು ಬಗೆ. ಅವು ಆಲೋಚನೆಯ ದೋಷಗಳು. ಚಿತ್ರವನ್ನು ನೋಡಿ ನಗುವವರ ನಗುವೆಲ್ಲ ಬಹುಪಾಲು ಮೊದಲ ಬಗೆಯ ಮೇಲೆ ಬೀಳುತ್ತದೆ, ಎರಡನೆಯದು ಆ ನಗುವಿನ ಗದ್ದಲದಲ್ಲಿ ತಪ್ಪಿಸಿಕೊಳ್ಳುತ್ತದೆ. ನ್ಯಾಯವಾಗಿ ಆಗಬೇಕಾದದ್ದು ಇದರ ತಿರುವುಮುರುವು.

ಅಭಾವವೆಂದರೆ ಏನೆಂದು ತಿಳಿಯಲು ಈ ಕುಟುಂಬದ ಹಿನ್ನೆಲೆಯನ್ನು ನೋಡಬೇಕು. ಕರಾಚಿಯಲ್ಲಿ ರೇಡಿಯೊ ಅಂಗಡಿ ಇಟ್ಟುಕೊಂಡಿದ್ದ ಫತೇಚಂದ್ ರಾಮ್‌ಸಿಂಘಾನಿ ಎಂಬ ಸಿಂಧಿ ವ್ಯಾಪಾರಿ, ಬ್ರಿಟಿಷ್ ಗಿರಾಕಿಗಳ ನಾಲಿಗೆಗೆ ಹೊಂದುವಂತೆ ‘ರಾಮ್ಸೆ’ ಆದವರು, ದೇಶವಿಭಜನೆಯ ನಂತರ ಮುಂಬಯಿಗೆ ಬಂದು ಲ್ಯಾಮಿಂಗ್ಟನ್ ರಸ್ತೆಯಲ್ಲಿ ಮತ್ತೆ ಅಂಗಡಿ ತೆರೆದರು. ಅಲ್ಲಿಂದ ಚಿತ್ರನಿರ್ಮಾಣಕ್ಕೆ ಕೈಹಾಕಿ, 1954ರಲ್ಲಿ ಭಗತ್ ಸಿಂಗ್ ಕುರಿತ ಚಿತ್ರವನ್ನೂ 1963ರಲ್ಲಿ ‘ರುಸ್ತುಮ್ ಸೊಹ್ರಾಬ್’ ಚಿತ್ರವನ್ನೂ ತೆಗೆದರು. 1970ರ ‘ಏಕ್ ನನ್ಹೀ ಮುನ್ನೀ ಲಡ್ಕೀ ಥೀ’ ನೆಲಕಚ್ಚಿತು. ಆದರೆ ಅದರಲ್ಲಿ ಪೃಥ್ವಿರಾಜ್ ಕಪೂರ್ ವಿಕಾರವಾದ ಮುಖವಾಡ ತೊಟ್ಟು ಕಳ್ಳತನಕ್ಕೆ ಬರುವ ಒಂದು ದೃಶ್ಯಕ್ಕೆ ಮಾತ್ರ ಚಿತ್ರಮಂದಿರಗಳಲ್ಲಿ ಜನ ಬೆಚ್ಚಿಬೀಳುತ್ತಿದ್ದುದನ್ನು ಮಕ್ಕಳು ಗಮನಿಸಿದರು. ಇಡೀ ಚಿತ್ರವನ್ನೇ ಆ ಬೆಚ್ಚುವಿಕೆಯ ಮೇಲೆ ಕಟ್ಟಿದರೆ ಹೇಗೆ ಎಂಬ ಲೆಕ್ಕಾಚಾರದಿಂದ 1972ರ ‘ದೋ ಗಜ್ ಜಮೀನ್ ಕೇ ನೀಚೇ’ ಹುಟ್ಟಿತು. ತಂದೆ ತಮ್ಮ ಏಳು ಗಂಡುಮಕ್ಕಳನ್ನು ಕಾಶ್ಮೀರದ ದೋಣಿಮನೆಯೊಂದರಲ್ಲಿ ಇರಿಸಿ, ಜೋಸೆಫ್ ಮಾಸ್ಕೆಲ್ಲಿಯ ಛಾಯಾಗ್ರಹಣದ ಪಠ್ಯಪುಸ್ತಕವನ್ನು ಮುಂದಿಟ್ಟುಕೊಂಡು ಸಿನಿಮಾ ಕಸುಬನ್ನು ಕಲಿಯುವಂತೆ ಮಾಡಿದರೆಂದು ಸಹೋದರರು ಮುಂದೆ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಕುಮಾರ್ ಬರವಣಿಗೆಗೆ, ಗಂಗು ಕ್ಯಾಮೆರಾಕ್ಕೆ, ಕಿರಣ್ ಧ್ವನಿಗೆ, ಅರ್ಜುನ್ ಸಂಕಲನಕ್ಕೆ, ತುಳಸಿ ಮತ್ತು ಶ್ಯಾಮ್ ನಿರ್ದೇಶನಕ್ಕೆ ಎಂಬಂತೆ ಕೆಲಸಗಳು ಮನೆಯೊಳಗೇ ಹಂಚಿಹೋದವು. ಮಹಾಬಳೇಶ್ವರದ ಸರ್ಕಾರಿ ಅತಿಥಿಗೃಹವೊಂದರಲ್ಲಿ ಬೀಡುಬಿಟ್ಟು, ಹೊರಗಿನ ಕೆಲಸಗಾರರನ್ನು ಆದಷ್ಟು ಕಡಿಮೆ ಮಾಡಿ, ಅವರು ಆ ಚಿತ್ರವನ್ನು ಮುಗಿಸಿದರು. ಸ್ಟುಡಿಯೊ ಬಾಡಿಗೆ, ತಾರಾಮೌಲ್ಯದ ನಟರ ಸಂಭಾವನೆ, ಸೆಟ್ಟು ಕಟ್ಟುವ ಖರ್ಚು ಎಂಬ ಮೂರು ದೊಡ್ಡ ಹೊರೆಗಳನ್ನು ಒಮ್ಮೆಗೇ ಕಳಚಿಹಾಕಿದ ಈ ಕ್ರಮವೇ ಮುಂದಿನ ಎರಡು ದಶಕ ಅವರ ಕೆಲಸದ ಪದ್ಧತಿಯಾಗಿ ಉಳಿಯಿತು.

‘ಪುರಾನಾ ಮಂದಿರ್’ ಈ ಪದ್ಧತಿಯ ಅತ್ಯಂತ ಯಶಸ್ವಿ ಫಲ. ಇನ್ನೂರು ವರ್ಷಗಳ ಹಿಂದೆ ಸಾಮ್ರಿ ಎಂಬ ದುಷ್ಟಶಕ್ತಿಯ ಉಪಾಸಕ ರಾಜಕುಮಾರಿಯೊಬ್ಬಳನ್ನು ಬಲಿ ತೆಗೆದುಕೊಂಡಾಗ, ರಾಜನು ಅವನನ್ನು ಹಿಡಿಸಿ, ತಲೆ ಕಡಿಸಿ, ತಲೆಯನ್ನು ಪೆಟ್ಟಿಗೆಯೊಂದರಲ್ಲಿ ಭದ್ರಪಡಿಸಿ ಮುಂಡವನ್ನು ಹಾಳು ಗುಡಿಯ ಬಳಿ ಹೂಳಿಸುತ್ತಾನೆ. ತಲೆ ಮತ್ತು ಮುಂಡ ಬೇರೆಯಾಗಿರುವವರೆಗೆ ಈ ವಂಶದ ಹೆಣ್ಣುಗಳೆಲ್ಲ ಹೆರಿಗೆಯಲ್ಲೇ ಸಾಯಲಿ, ಅವು ಕೂಡಿದ ದಿನ ವಂಶವೇ ನಿರ್ನಾಮವಾಗಲಿ ಎಂದು ಸಾಮ್ರಿ ಸಾಯುವ ಮುನ್ನ ಶಪಿಸುತ್ತಾನೆ. ವರ್ತಮಾನದಲ್ಲಿ ಅದೇ ವಂಶದ ಠಾಕೂರ ತನ್ನ ಮಗಳು ಸುಮನ್‌ಳ ಪ್ರೇಮವನ್ನು ಈ ಶಾಪದ ಭಯದಿಂದ ವಿರೋಧಿಸುತ್ತಾನೆ. ಮಗಳು ಮತ್ತು ಅವಳ ಪ್ರಿಯಕರ ಸತ್ಯವನ್ನು ಹುಡುಕಿಕೊಂಡು ಪೂರ್ವಿಕರ ಹವೇಲಿಗೆ ಹೋಗುತ್ತಾರೆ. ಅಲ್ಲಿ ತಲೆಯೂ ಮುಂಡವೂ ಕೂಡುತ್ತವೆ.

ಆ ಹವೇಲಿ ಇರುವ ಊರು ಬಿಜಾಪುರ ಎಂದು ಚಿತ್ರ ಹೇಳುತ್ತದೆ, ಮತ್ತು ಇಂದಿನ ವಿಜಯಪುರದ ಚರಿತ್ರೆಯನ್ನು ಬಲ್ಲ ಕನ್ನಡ ಓದುಗರಿಗೆ ಇದು ಒಪ್ಪಲಾಗದ ಮಾತು. 1686ರಲ್ಲಿ ಔರಂಗಜೇಬನ ಮುತ್ತಿಗೆಗೆ ಆದಿಲಶಾಹಿ ಕೊನೆಗೊಂಡಿತ್ತು, 1760ರ ವೇಳೆಗೆ ಆ ಪ್ರದೇಶ ಪೇಶ್ವೆಗಳ ಕೈಸೇರಿತ್ತು. ಚಿತ್ರ ಹೇಳುವ ಕಾಲದಲ್ಲಿ ಅಲ್ಲಿ ರಜಪೂತ ಹೆಸರಿನ ಯಾವ ರಾಜನೂ ಆಳುತ್ತಿರಲಿಲ್ಲ. ಹವೇಲಿಯಾಗಿ ಕಾಣಿಸಿಕೊಂಡಿರುವುದಂತೂ ಕೊಂಕಣ ತೀರದ ಮುರುಡ್‌ನಲ್ಲಿರುವ ಜಂಜೀರಾ ನವಾಬರ ಅರಮನೆ. ಸಿದ್ದಿ ಮನೆತನದ ಅರಮನೆಯೊಂದು ರಜಪೂತ ಠಾಕೂರನ ಹವೇಲಿಯಾಗಿ, ಕಡಲದಂಡೆ ಬಿಜಾಪುರದ ಬಯಲಾಗಿ ಸಾಗಿಹೋಗುವುದು ಸಾಮಾನ್ಯ ಅರ್ಥದಲ್ಲಿ ಅಸಂಬದ್ಧವೇ. ಆದರೆ ಜಂಜೀರಾದ ಸಿದ್ದಿಗಳು ಹದಿನೇಳನೆಯ ಶತಮಾನದಲ್ಲಿ ಬಿಜಾಪುರದ ಆದಿಲಶಾಹಿಗೆ ನಿಷ್ಠರಾಗಿದ್ದವರು ಎಂಬುದನ್ನು ನೆನೆದರೆ, ಚರಿತ್ರೆಯ ಒಂದು ನಿಜವಾದ ಎಳೆ ಚಿತ್ರತಂಡಕ್ಕೆ ಗೊತ್ತೇ ಇಲ್ಲದಂತೆ ಚಿತ್ರದೊಳಕ್ಕೆ ಬಂದು ಸೇರಿಕೊಂಡಿದೆ ಎನ್ನಬೇಕಾಗುತ್ತದೆ. ಇದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಉಪ್ಪುಗಾಳಿಗೆ ಮಾಸಿದ ಗೋಡೆ, ಬಳಕೆ ತಪ್ಪಿದ ಮೆಟ್ಟಿಲು, ಎತ್ತರದ ಕಮಾನುಗಳು ಯಾವ ಕಲಾನಿರ್ದೇಶಕನೂ ಆ ಹಣದಲ್ಲಿ ಕಟ್ಟಲಾಗದಂಥವು. ಅದೇ ವರ್ಷಗಳ ಶ್ರೀಮಂತ ಹಿಂದಿ ಚಿತ್ರಗಳ ಬಂಗಲೆಗಳು ಸ್ಟುಡಿಯೊದ ಹಲಗೆಯ ಗೋಡೆಗಳಾಗಿ ಇಂದು ಕಾಣುತ್ತವೆ. ರಾಮ್ಸೆಗಳ ಹವೇಲಿ ಮಾತ್ರ ನಿಜವಾಗಿ ಹಳತಾಗಿ ಕಾಣುತ್ತದೆ, ಏಕೆಂದರೆ ಅದು ಹಳತೇ. ಸೆಟ್ಟು ಕಟ್ಟಲಾಗದ ಬಡತನ ಚಿತ್ರಕ್ಕೆ ದಕ್ಕಿಸಿಕೊಟ್ಟ ಸಂಪತ್ತು ಇದು.

ನೋಡುಗರು ಹಾಸ್ಯ ಮಾಡುವ ಇತರ ಸಂಗತಿಗಳನ್ನೂ ಇದೇ ಬೆಳಕಿನಲ್ಲಿ ನೋಡಬೇಕು. ರಾಮ್ಸೆ ಚಿತ್ರಗಳಲ್ಲಿ ಕ್ಯಾಮೆರಾ ಮತ್ತೆ ಮತ್ತೆ ಮುಖಗಳ ಮೇಲೆ ಥಟ್ಟನೆ ಎರಗುತ್ತದೆ. ಇದು ಜೂಮ್, ಅಂದರೆ ಕ್ಯಾಮೆರಾ ನಿಂತಲ್ಲೇ ನಿಂತಿರುವಾಗ ಮಸೂರದ ನಾಭಿದೂರವನ್ನು ಬದಲಿಸಿ ದೂರದ ವಸ್ತುವನ್ನು ಹತ್ತಿರಕ್ಕೆ ಎಳೆಯುವ ವಿಧಾನ. ಕ್ಯಾಮೆರಾವನ್ನೇ ಚಲಿಸಬೇಕೆಂದರೆ ಹಳಿ ಹಾಸಬೇಕು, ಟ್ರಾಲಿ ತರಬೇಕು, ಅದನ್ನು ನೂಕುವ ಆಳುಗಳು ಬೇಕು, ಪ್ರತಿ ಹೆಜ್ಜೆಗೂ ಬೆಳಕನ್ನು ಹೊಂದಿಸಬೇಕು. ಬೇರೆಯವರ ಅರಮನೆಯಲ್ಲಿ ಕೆಲವೇ ರಾತ್ರಿ ಕೆಲಸ ಮಾಡುವ ತಂಡಕ್ಕೆ ಜೂಮ್ ಅನಿವಾರ್ಯ ಪರ್ಯಾಯ. ಹಾಗೆಯೇ ದೀಪದ ಮುಂದೆ ಬಣ್ಣದ ಜಿಲೆಟಿನ್ ಹಾಳೆ ಇಟ್ಟು ಗೋಡೆಗೆ ನೀಲಿ, ಮೂಲೆಗೆ ಹಸಿರು, ಮುಖಕ್ಕೆ ಕೆಂಪು ಬಳಿಯುವುದು. ಇಡೀ ಕೋಣೆಯನ್ನು ಸಹಜವಾಗಿ ಬೆಳಗಲು ಬೇಕಾದಷ್ಟು ದೀಪಗಳಿಲ್ಲದಾಗ, ಇರುವ ಕೆಲವನ್ನೇ ಬಣ್ಣಗೊಳಿಸಿ, ಉಳಿದದ್ದನ್ನು ಕತ್ತಲಿಗೆ ಬಿಟ್ಟು, ನಡುವೆ ಹೊಗೆ ಹಾಯಿಸಿದರೆ ಖಾಲಿ ಕೋಣೆಗೂ ಆಳ ಬರುತ್ತದೆ. ಕಾರಣ ಆರ್ಥಿಕವಾದದ್ದು, ಫಲ ಮಾತ್ರ ಸೌಂದರ್ಯಕ್ಕೆ ಸೇರಿದ್ದು: ಎಲ್ಲಿಂದ ಬರುತ್ತಿದೆಯೆಂದು ಹೇಳಲಾಗದ ಆ ಬೆಳಕಿನಿಂದಾಗಿ ಹವೇಲಿ ಭೂಗೋಳದಿಂದ ಕಳಚಿಕೊಂಡು ದುಃಸ್ವಪ್ನದ ತಾಣವಾಗುತ್ತದೆ. ಗಂಗು ರಾಮ್ಸೆಯವರ ಛಾಯಾಗ್ರಹಣವನ್ನು ಈ ದೃಷ್ಟಿಯಿಂದ ಯಾರಾದರೂ ಚಿತ್ರಿಕೆ ಚಿತ್ರಿಕೆಯಾಗಿ ಅಭ್ಯಾಸ ಮಾಡಿದರೆ, ಹಿಂದಿ ಸಿನಿಮಾದಲ್ಲಿ ಬಣ್ಣದ ಬಳಕೆಯ ಚರಿತ್ರೆಗೆ ಒಂದು ಅಧ್ಯಾಯವೇ ಸಿಕ್ಕೀತು.

ಸಾಮ್ರಿಯ ಪಾತ್ರದ ವಿಷಯದಲ್ಲಿ ನಗುವವರಿಗೆ ಸಿಗುವ ಆಧಾರ ಇನ್ನೂ ಕಡಿಮೆ. ಆ ಪಾತ್ರ ಮಾಡಿದ ಅಜಯ್ ಅಗರವಾಲ್, ಅನಿರುದ್ಧ ಅಗರವಾಲ್ ಎಂದೂ ಪರಿಚಿತರು, ಎಂಜಿನಿಯರಿಂಗ್ ಓದಿದವರು. ಹತ್ತು ವರ್ಷಗಳ ನಂತರ ಶೇಖರ್ ಕಪೂರ್ ಅವರ ‘ಬ್ಯಾಂಡಿಟ್ ಕ್ವೀನ್’ ಚಿತ್ರದಲ್ಲಿ ಡಕಾಯಿತ ಬಾಬು ಗುಜ್ಜರನಾಗಿ ಅವರು ಕಾಣಿಸಿಕೊಂಡಾಗ ಅದೇ ದೇಹವನ್ನು ಯಾರೂ ಅಗ್ಗದ್ದೆನ್ನಲಿಲ್ಲ. ಎತ್ತರದ ನಿಲುವು, ನಿಧಾನದ ನಡಿಗೆ, ಮಾತಿಲ್ಲದ ದಿಟ್ಟಿ ಇವುಗಳಿಂದಲೇ ಅವರು ಭಯವನ್ನು ಸೃಷ್ಟಿಸುತ್ತಾರೆ. ದುಬಾರಿ ಮುಖವಾಡ ಮಾಡಿಸಲಾಗದ ತಂಡ ಮನುಷ್ಯನ ಮುಖವನ್ನೇ ನೆಚ್ಚಿಕೊಂಡದ್ದರಿಂದ, ಮೇಕಪ್ಪಿನ ರಬ್ಬರು ಕಣ್ಣಿಗೆ ಬೀಳುವಾಗಲೂ ಅದರ ಹಿಂದಿನ ಜೀವ ಮರೆಯಾಗುವುದಿಲ್ಲ.

ಇನ್ನು, ನಿರ್ದೇಶಕರ ಅಸಾಮರ್ಥ್ಯಕ್ಕೆ ಸಾಕ್ಷಿಯೆಂದು ಎತ್ತಿ ತೋರಿಸುವ ಅನೇಕ ಎಗರುಗಳು, ಅಂದರೆ ಒಂದು ಕ್ರಿಯೆ ಪೂರ್ಣವಾಗುವ ಮೊದಲೇ ದೃಶ್ಯ ಬದಲಾಗಿಬಿಡುವ ಸ್ಥಳಗಳು, ಅವರವೇ ಅಲ್ಲದಿರಬಹುದು. 1952ರ ಸಿನಿಮಾಟೋಗ್ರಾಫ್ ಕಾಯಿದೆಯ ಅಡಿಯಲ್ಲಿ ಪ್ರಮಾಣಪತ್ರ ಕೊಡುವ ಮಂಡಳಿ ಹಿಂಸೆಯ ದೃಶ್ಯಗಳನ್ನು ಮೊಟಕುಗೊಳಿಸಲು ಸೂಚಿಸಿದಾಗ, ಆ ತುಣುಕುಗಳನ್ನು ನೆಗೆಟಿವ್‌ನಿಂದಲೂ ಪ್ರಿಂಟ್‌ಗಳಿಂದಲೂ ತೆಗೆಯಬೇಕಾಗುತ್ತಿತ್ತು. 35 ಮಿ.ಮೀ. ಪ್ರಿಂಟ್‌ನಲ್ಲಿ ಧ್ವನಿಯ ಪಟ್ಟಿ ತನ್ನ ಚಿತ್ರಕ್ಕಿಂತ ಸುಮಾರು 20 ಫ್ರೇಮ್‌ಗಳಷ್ಟು, ಎಂದರೆ ಒಂದು ಸೆಕೆಂಡಿಗೆ ಸ್ವಲ್ಪ ಕಡಿಮೆ, ಮುಂದೆ ಓಡುತ್ತಿರುತ್ತದೆ. ಆದ್ದರಿಂದ ಸಿದ್ಧವಾದ ಪ್ರಿಂಟನ್ನು ಕತ್ತರಿಸಿ ಅಂಟಿಸಿದಾಗ ಚಿತ್ರ ಒಂದು ಕಡೆ ಎಗರಿದರೆ ಧ್ವನಿ ಇನ್ನೊಂದು ಕಡೆ ಎಗರುತ್ತದೆ. ಕಿರುಚಾಟ ನಡುವೆಯೇ ನಿಂತುಹೋಗುವುದು, ಸಂಗೀತ ಥಟ್ಟನೆ ಮುರಿಯುವುದು ಇದರ ಗುರುತುಗಳು. ಕಾರ್ತಿಕ್ ನಾಯರ್ ಅವರು ಈ ಅವಧಿಯ ಹಿಂದಿ ಭಯಾನಕ ಚಿತ್ರಗಳ ಕುರಿತು 2024ರಲ್ಲಿ ಪ್ರಕಟಿಸಿದ ‘ಸೀಯಿಂಗ್ ಥಿಂಗ್ಸ್’ ಎಂಬ ಅಧ್ಯಯನಗ್ರಂಥ, ಇಂಥ ಗಾಯದ ಗುರುತುಗಳನ್ನು ಚಿತ್ರ ತಯಾರಾದ ಪರಿಸ್ಥಿತಿಯ ದಾಖಲೆಗಳಾಗಿ ಓದುವ ದಾರಿ ತೋರಿಸುತ್ತದೆ. ಕತ್ತರಿ ಹಾಕಿದವರ ಕೆಲಸವನ್ನು ನಿರ್ದೇಶಕರ ಲೆಕ್ಕಕ್ಕೆ ಬರೆದು ನಗುವುದು ವಿಮರ್ಶೆಯಲ್ಲ.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಏಳುತ್ತದೆ. ಅಭಾವವೇ ಎಲ್ಲದಕ್ಕೂ ಸಮರ್ಥನೆಯಾದರೆ, ಅದಕ್ಕಿಂತ ಕಡಿಮೆ ಅನುಕೂಲದಲ್ಲಿ ಉತ್ತಮ ಭಯಾನಕ ಚಿತ್ರ ಮಾಡಿದವರಿಗೆ ಏನು ಹೇಳಬೇಕು? ಅಮೆರಿಕದ ಕಾನ್ಸಾಸ್ ರಾಜ್ಯದಲ್ಲಿ ಶೈಕ್ಷಣಿಕ ಮತ್ತು ಕೈಗಾರಿಕಾ ಕಿರುಚಿತ್ರಗಳನ್ನು ಮಾಡುತ್ತಿದ್ದ ಹರ್ಕ್ ಹಾರ್ವಿ 1962ರಲ್ಲಿ, ಯೂಟಾದಲ್ಲಿ ಹಾಳುಬಿದ್ದಿದ್ದ ಸಾಲ್ಟೇರ್ ಎಂಬ ವಿಹಾರ ಮಂಟಪವನ್ನು ಕಂಡು, ಅತ್ಯಲ್ಪ ಹಣದಲ್ಲಿ ‘ಕಾರ್ನಿವಲ್ ಆಫ್ ಸೋಲ್ಸ್’ ತೆಗೆದರು; ಅದನ್ನು ನೋಡಿ ಯಾರೂ ನಗುವುದಿಲ್ಲ. ಆಕ್ಷೇಪ ಸರಿಯಾದದ್ದೇ, ಆದರೆ ಅದು ಮೇಲೆ ಮಾಡಿದ ವಿಂಗಡಣೆಯನ್ನು ಮುರಿಯದೆ ಬಲಪಡಿಸುತ್ತದೆ. ಹಾರ್ವಿಯ ಚಿತ್ರದಲ್ಲೂ ಹೊಂದದ ಧ್ವನಿ, ಹವ್ಯಾಸಿ ನಟನೆ, ಎರವಲು ಪಡೆದ ಹಾಳು ಕಟ್ಟಡ ಎಲ್ಲವೂ ಇವೆ. ಅಭಾವದ ದೋಷಗಳಲ್ಲಿ ಎರಡೂ ಚಿತ್ರಗಳು ಒಂದೇ ಕುಲದವು. ವ್ಯತ್ಯಾಸವಿರುವುದು ಆಲೋಚನೆಯಲ್ಲಿ. ಒಂಟಿ ಹೆಣ್ಣೊಬ್ಬಳು ಬದುಕಿರುವವರ ಲೋಕಕ್ಕೆ ಸೇರಲಾಗದೆ ನರಳುವ ಸ್ಥಿತಿಯನ್ನು ಹಾರ್ವಿ ಸ್ವತಂತ್ರವಾಗಿ ಚಿಂತಿಸಿದ್ದರು. ಹಾಗಾಗಿ ಅವರ ಕೊರತೆಗಳೆಲ್ಲ ಆ ಚಿಂತನೆಯ ಸೇವೆಗೆ ಬಂದು ನಿಂತವು.

ರಾಮ್ಸೆಗಳು ಮುಗ್ಧರಾಗಿದ್ದರು, ತಾವೇನು ಮಾಡುತ್ತಿದ್ದೇವೆಂದು ಅವರಿಗೇ ತಿಳಿದಿರಲಿಲ್ಲ, ಆದ್ದರಿಂದ ಸಾಂಟಾಗ್ ಹೇಳಿದ ಶುದ್ಧ ಕ್ಯಾಂಪ್ ಅವರದು ಎಂಬ ಮಾತನ್ನೂ ಒಪ್ಪಲಾಗದು. ‘ಪುರಾನಾ ಮಂದಿರ್’ ಚಿತ್ರದ ನಡುವೆ ಜಗದೀಪ್ ಮಚ್ಛರ್ ಸಿಂಗ್ ಎಂಬ ಡಕಾಯಿತನಾಗಿ 1975ರ ‘ಶೋಲೆ’ಯ ಗಬ್ಬರ್ ಸಿಂಗನನ್ನು ಅಣಕಿಸುವ ಉಪಕಥೆಯೊಂದಿದೆ, ಸ್ವತಃ ‘ಶೋಲೆ’ಯಲ್ಲಿ ಸೂರ್ಮಾ ಭೋಪಾಲಿಯಾಗಿದ್ದ ನಟನಿಂದ ಈ ಅಣಕವನ್ನು ಮಾಡಿಸಿದವರಿಗೆ ಜನಪ್ರಿಯ ಸಿನಿಮಾದ ಅತಿರೇಕಗಳ ಅರಿವು ಚೆನ್ನಾಗಿಯೇ ಇತ್ತು. 1988ರ ‘ವೀರಾನಾ’ದಲ್ಲಂತೂ ಸತೀಶ್ ಶಾ ಮಾಡಿದ ಪಾತ್ರ ಭಯಾನಕ ಚಿತ್ರಗಳ ನಿರ್ದೇಶಕನದು, ಅವನ ಹೆಸರು ಹಿಚ್‌ಕಾಕ್. ಪ್ರೇಕ್ಷಕರನ್ನು ಒಮ್ಮೆ ನಗಿಸಿ, ಸಡಿಲಗೊಳಿಸಿ, ಮತ್ತೆ ಹೆದರಿಸುವ ಈ ಹೆಣಿಗೆ ಲೆಕ್ಕ ಹಾಕಿ ಮಾಡಿದ್ದು. ಹಾಡು, ಹಾಸ್ಯ, ಹೊಡೆದಾಟ, ಪ್ರೇಮ ಎಲ್ಲವನ್ನೂ ಒಂದೇ ಟಿಕೆಟ್ಟಿನಲ್ಲಿ ನಿರೀಕ್ಷಿಸುತ್ತಿದ್ದ ಸಣ್ಣ ಊರುಗಳ ಚಿತ್ರಮಂದಿರಗಳಿಗಾಗಿ, ವ್ಯಾಪಾರದ ಭಾಷೆಯಲ್ಲಿ ಬಿ ಮತ್ತು ಸಿ ಸೆಂಟರ್‌ಗಳೆನ್ನುವ ಕೇಂದ್ರಗಳಿಗಾಗಿ, ಅವರು ಆ ಅಳತೆಗೇ ಚಿತ್ರ ಹೊಲಿದುಕೊಟ್ಟರು. 1984ರಲ್ಲಿ ಆ ಪ್ರೇಕ್ಷಕರು ಹೆದರಲು ಬಂದರು, ಹೆದರಿದರು, ಮತ್ತೆ ಬಂದರು. ಚಿತ್ರ ಭಾರಿ ಲಾಭ ಗಳಿಸಿತು. ‘ಕೆಟ್ಟದ್ದರ ಸೊಗಸು’ ಎಂಬ ಮಾತು ಅಂಟಿಕೊಂಡದ್ದು ಬಹುಮಟ್ಟಿಗೆ ಅನಂತರ, ಬ್ರಿಟನ್ನಿನ ಮಾಂಡೊ ಮಕಾಬ್ರೊದಂಥ ಸಂಸ್ಥೆಗಳು ಹೊರತಂದ ಡಿವಿಡಿಗಳ ಮೂಲಕ ವಿದೇಶಿ ಸಂಗ್ರಾಹಕರಿಗೆ, ಮತ್ತು ಕೇಬಲ್ ಟಿವಿಯ ಮೂಲಕ ಮಹಾನಗರದ ವಿದ್ಯಾವಂತ ಯುವಕರಿಗೆ ಈ ಚಿತ್ರ ತಲುಪಿದ ಮೇಲೆ. ಒಂದೇ ಚಿತ್ರ ಹೆದರಿಕೆಯಿಂದ ಹಾಸ್ಯಕ್ಕೆ ದಾಟಿದಾಗ ಬದಲಾದದ್ದು ಚಿತ್ರವಲ್ಲ, ನೋಡುವವರ ವರ್ಗ. ಮೊದಲ ಪ್ರೇಕ್ಷಕರ ಭಯವನ್ನು ಅಜ್ಞಾನವೆಂದೂ ಎರಡನೆಯವರ ನಗುವನ್ನು ರಸಜ್ಞತೆಯೆಂದೂ ಎಣಿಸುವ ಅಭ್ಯಾಸದಲ್ಲಿ ಸಾಮಾಜಿಕ ಅಹಂಕಾರವೊಂದು ಅಡಗಿದೆ, ಅದನ್ನು ಎದುರಿಸಲೇಬೇಕು.

ಹೀಗೆಂದು ಚಿತ್ರವನ್ನು ತಲೆಯ ಮೇಲೆ ಹೊತ್ತು ಮೆರೆಸಬೇಕಿಲ್ಲ. ಅದರ ನಿಜವಾದ ಸೋಲು ಜೂಮ್‌ನಲ್ಲೂ ರಬ್ಬರಿನಲ್ಲೂ ಇಲ್ಲ. ಶಾಪ ಕೆಲಸ ಮಾಡುವ ರೀತಿಯಲ್ಲಿದೆ. ಶಿಕ್ಷೆ ಕೊಟ್ಟವನು ರಾಜ, ಶಿಕ್ಷೆ ಉಂಡವನು ಸಾಮ್ರಿ. ಇಬ್ಬರು ಗಂಡಸರ ನಡುವಿನ ಈ ಹಗೆಯ ಬೆಲೆಯನ್ನು ಇನ್ನೂರು ವರ್ಷ ತೆತ್ತವರು ಆ ಮನೆಗೆ ಸೊಸೆಯಾಗಿ ಬಂದವರು, ಮಗಳಾಗಿ ಹುಟ್ಟಿದವರು, ಅದೂ ಬಸುರಿನ ಮೂಲಕ. ಹೆರಿಗೆಯೆಂಬುದು ಈ ದೇಶದ ಅಸಂಖ್ಯ ಹೆಣ್ಣುಗಳಿಗೆ ಶಾಪವಿಲ್ಲದೆಯೂ ಸಾವಿನ ದವಡೆಯಾಗಿದ್ದ ಕಾಲದಲ್ಲಿ ಇಂಥ ಕಲ್ಪನೆ ಆಳವಾದ ಭಯಾನಕ ಕಥೆಯೊಂದರ ಬೀಜವಾಗಬಹುದಿತ್ತು. ಗೊತ್ತಿದ್ದೂ ಮದುವೆಯಾಗಿ, ಗೊತ್ತಿದ್ದೂ ಮಕ್ಕಳನ್ನು ಪಡೆದ ಆ ಮನೆತನದ ಗಂಡಸರ ಕಡೆಗೆ ಒಂದು ಪ್ರಶ್ನೆ, ಸತ್ತ ಹೆಣ್ಣೊಬ್ಬಳ ಬಾಯಿಂದ ಒಂದು ಮಾತು ಬಂದಿದ್ದರೂ ಚಿತ್ರದ ಸ್ವರೂಪವೇ ಬೇರೆಯಾಗುತ್ತಿತ್ತು, ಮತ್ತು ಅದಕ್ಕೆ ಒಂದು ರೂಪಾಯಿ ಹೆಚ್ಚಿಗೆ ಖರ್ಚಾಗುತ್ತಿರಲಿಲ್ಲ. ಚಿತ್ರ ಹಾಗೆ ಮಾಡದೆ, ಹೆಣ್ಣಿನ ದೇಹವನ್ನು ಶಾಪದ ಪಾತ್ರೆಯಾಗಿ ಬಳಸಿಕೊಂಡು, ನಡುವೆ ರಾಮ್ಸೆ ಚಿತ್ರಗಳ ಕಡ್ಡಾಯ ಒದ್ದೆಬಟ್ಟೆಯ ದೃಶ್ಯಗಳಿಗಾಗಿಯೂ ಬಳಸಿಕೊಂಡು ಮುಂದೆ ಸಾಗುತ್ತದೆ. ಕೊನೆಯಲ್ಲಿ ಶಿವನ ತ್ರಿಶೂಲ ಮತ್ತು ಬೆಂಕಿ ಸಾಮ್ರಿಯನ್ನು ಮುಗಿಸುತ್ತವೆ, ಠಾಕೂರನ ವಂಶ ಉಳಿಯುತ್ತದೆ, ಆ ವಂಶ ಏಕೆ ಉಳಿಯಬೇಕಿತ್ತು ಎಂದು ಚಿತ್ರ ಒಮ್ಮೆಯೂ ಕೇಳಿಕೊಳ್ಳುವುದಿಲ್ಲ. ನಗುವವರೂ ಕೇಳುವುದಿಲ್ಲ, ಕೆಟ್ಟ ಚಿತ್ರವೆಂದು ಮೊದಲೇ ತೀರ್ಮಾನಿಸಿಕೊಂಡವರಿಗೆ ಅದರ ನೀತಿಯನ್ನು ಗಂಭೀರವಾಗಿ ಪ್ರಶ್ನಿಸುವ ಅಗತ್ಯವೇ ಕಾಣುವುದಿಲ್ಲ.

ಈ ಎರಡು ಬಗೆಯ ದೋಷಗಳು ಒಂದರಿಂದ ಇನ್ನೊಂದು ಹುಟ್ಟಿದವಲ್ಲ ಎಂಬುದಕ್ಕೆ ರಾಮ್ಸೆಗಳ ಮುಂದಿನ ಚಿತ್ರಗಳೇ ಪುರಾವೆ. ‘ಪುರಾನಾ ಮಂದಿರ್’ ತಂದ ಹಣ ಮತ್ತು ಹೆಸರಿನ ಬಲದಿಂದ ಅವರ ಕೆಲಸ ಹೆಚ್ಚು ನಯಗೊಂಡಿತು. ‘ವೀರಾನಾ’ದ ಬೆಳಕು, 1990ರ ‘ಬಂದ್ ದರ್ವಾಜಾ’ದ ದೃಶ್ಯಸಂಯೋಜನೆ ಹಿಂದಿನದಕ್ಕಿಂತ ಸ್ಪಷ್ಟವಾಗಿ ಪಳಗಿದ ಕೈಯವು. ಆದರೆ ‘ವೀರಾನಾ’ದಲ್ಲಿ ಕಥೆಯ ಕೇಂದ್ರಕ್ಕೆ ಬಂದ ಹೆಣ್ಣು ಗಂಡಸರನ್ನು ಮೋಹಿಸಿ ಕೊಲ್ಲುವ ಪ್ರೇತದ ವಾಹನವಾಗಿ ಮಾತ್ರ ಬಂದಳು, ‘ಬಂದ್ ದರ್ವಾಜಾ’ದಲ್ಲಿ ಮಕ್ಕಳಿಲ್ಲದ ಹೆಣ್ಣಿನ ಹಂಬಲವೇ ಪಿಶಾಚಿಯೊಡನೆ ಒಪ್ಪಂದಕ್ಕೆ ದಾರಿಯಾಯಿತು. ಅಭಾವ ಕಡಿಮೆಯಾಗುತ್ತ ಬಂದರೂ ಆಲೋಚನೆ ಇದ್ದಲ್ಲೇ ಇತ್ತು. 1993ರಲ್ಲಿ ‘ಜೀ ಹಾರರ್ ಶೋ’ ಮೂಲಕ ಅವರು ಕಿರುತೆರೆಗೆ ಬಂದಾಗ ವಾರವಾರದ ಗಡುವಿನಿಂದಾಗಿ ಹಣ ಮತ್ತು ಸಮಯದ ಕೊರತೆ ಮತ್ತೆ ಮರಳಿತು, ಬಣ್ಣದ ದೀಪಗಳೂ ಹೊಗೆಯೂ ಮರಳಿದವು, ದೇಶದ ಮನೆಮನೆಗಳಲ್ಲಿ ಮಕ್ಕಳು ಹೊದಿಕೆಯೊಳಗಿಂದ ಅದನ್ನು ನೋಡಿ ಹೆದರಿದರು; ಕಥೆಗಳಲ್ಲಿ ಶಾಪ ಹೊತ್ತವಳು, ಪ್ರೇತ ಹಿಡಿದವಳು ಹೆಚ್ಚಾಗಿ ಹೆಣ್ಣೇ ಆಗಿ ಉಳಿದಳು.